ಕಡಲಿಗೆ ಹೋದ ಬುತ್ತಿ

ಬುತ್ತಿ ಕಟ್ಟುವ ಅರಿವೆಗೂ ಒಂದು ವಯಸ್ಸಿರುತ್ತದೆ. ಹೊಸದಿದ್ದಾಗ ಅದು ಸೆಟೆದುಕೊಂಡು ಕೂತಿರುತ್ತದೆ, ಗಂಟು ಹಾಕಿದರೆ ಹಾಕಿಸಿಕೊಂಡಂತೆ ಮಾಡಿ ಬಸ್ಸಿನಲ್ಲಿ ನಡುದಾರಿಗೆ ಬಿಚ್ಚಿಕೊಳ್ಳುತ್ತದೆ. ಅನೇಕ ಸಲ ಒಗೆಸಿಕೊಂಡು, ಶೇಂಗಾ ಚಟ್ನಿಯ ಎಣ್ಣೆ ಕುಡಿದು, ಬಿಸಿಲಿಗೆ ಒಣಗಿ ಮೆತ್ತಗಾದ ಮೇಲೆಯೇ ರೊಟ್ಟಿಯನ್ನು ಮುರಿಯದಂತೆ ಹಿಡಿದುಕೊಳ್ಳುವ ಹದಕ್ಕೆ ಬರುತ್ತದೆ. ನಮ್ಮ ಮನೆಯ ಬುತ್ತಿಯ ಅರಿವೆ ಮೊದಲು ನಮ್ಮ ಮನೆಯವರ ಧೋತರವಾಗಿತ್ತು. ಅಂಚು ಹರಿದ ಮೇಲೆ ಅದರಲ್ಲಿ ಗಟ್ಟಿಯಾಗಿದ್ದ ಭಾಗವನ್ನು ಕತ್ತರಿಸಿ, ಸುತ್ತಲೂ ಮಡಚಿ ಹೊಲಿದು, ಅಡುಗೆಮನೆಯ ಗೂಟಕ್ಕೆ ನೇತು ಹಾಕಿದ್ದೆ. ಅದು ಈಗಲೂ ಅಲ್ಲೇ ಇದೆ. ಅದರ ಒಂದು ಮೂಲೆಯಲ್ಲಿ ಬಿಳಿಯದೊಂದು ಗೆರೆ ಮೂಡಿದೆ. ಎಷ್ಟು ಒಗೆದರೂ ಹೋಗುವುದಿಲ್ಲವೆಂದು ಹೇಳಿದರೆ ಸುಳ್ಳಾದೀತು, ನಾನೇ ಆ ಮೂಲೆಯನ್ನು ಒಗೆಯುವುದಿಲ್ಲ. ಆ ಗೆರೆ ಎಲ್ಲಿಂದ ಬಂತೆಂದು ಹೇಳುವುದಕ್ಕಾಗಿಯೇ ನಿಮ್ಮನ್ನು ಕೂರಿಸಿಕೊಂಡಿದ್ದೇನೆ.

ನಮ್ಮವರು ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಗುಮಾಸ್ತರು, ನಾನು ಹಳಿಯಾಳದ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಮಕ್ಕಳಿಲ್ಲದ ನಮ್ಮಿಬ್ಬರ ಸಂಸಾರದಲ್ಲಿ ಬೆಳಗಿನ ಗಡಿಬಿಡಿಯೆಂದರೆ ಎರಡು ಬುತ್ತಿ ಮತ್ತು ಅವರ ದಾಂಡೇಲಿ ಬಸ್ಸು. ಮಧ್ಯಾಹ್ನ ಅವರು ಡಿಪೋದಿಂದ ನಡೆದು ಕಾಳಿ ನದಿಯ ದಂಡೆಗೆ ಹೋಗಿ, ಬಂಡೆಯ ಮೇಲೆ ಅರಿವೆ ಬಿಚ್ಚಿ ಉಣ್ಣುತ್ತಿದ್ದರು. ಉಂಡಾದ ಮೇಲೆ ಅರಿವೆಯನ್ನು ನೀರಿನ ಮೇಲೆ ಝಾಡಿಸುವುದು ಅವರ ಪದ್ಧತಿ. ರೊಟ್ಟಿಯ ಪುಡಿ ಮೀನಿಗಾಯಿತು, ಮೀನು ತಿಂದು ಉಳಿದದ್ದು ಕಾರವಾರಕ್ಕಾಯಿತು ಎನ್ನುತ್ತಿದ್ದರು. ಸಂಜೆ ಮನೆಗೆ ಬಂದು ಅರಿವೆಯನ್ನು ಗೂಟಕ್ಕೆ ಹಾಕುತ್ತಲೇ ಅವರು ಆಡುತ್ತಿದ್ದ ಮೊದಲ ಮಾತು ಒಂದೇ: "ಇವತ್ತೂ ಪಲ್ಯಾಕ ಉಪ್ಪು ಕಡಿಮಿ ಆಗಿತ್ತು." ಡಾಕ್ಟರು ರಕ್ತದೊತ್ತಡವೆಂದು ಹೇಳಿ ಉಪ್ಪು ಇಳಿಸಲು ಅಪ್ಪಣೆ ಮಾಡಿದ ಮೇಲಂತೂ ಆ ಮಾತಿಗೆ ಇನ್ನಷ್ಟು ಬಲ ಬಂತು. ಅವರು ಹೇಳುವುದು, ನಾನು ಕೇಳಿಯೂ ಕೇಳದಂತೆ ಚಹಾಕ್ಕೆ ಇಡುವುದು, ನಮ್ಮ ಸಂಜೆಗಳು ಹಾಗೆಯೇ ಶುರುವಾಗುತ್ತಿದ್ದವು.

ಮಂಚದ ತಲೆಗಡೆಯ ಗೋಡೆಯಲ್ಲಿ ಒಂದು ಕ್ಯಾಲೆಂಡರಿನ ಚಿತ್ರವಿತ್ತು. ವರ್ಷ ಮುಗಿದ ಮೇಲೆ ತಾರೀಖಿನ ಹಾಳೆಗಳನ್ನು ಹರಿದೊಗೆದು ಚಿತ್ರವನ್ನು ಮಾತ್ರ ಅವರು ಉಳಿಸಿಕೊಂಡಿದ್ದರು. ನೀಲಿ ಸಮುದ್ರದಲ್ಲಿ ಬಿಳಿ ಹಾಯಿಯ ಒಂದು ಯಾಟು ದೋಣಿ, ಅದರ ಮೇಲೆ ಟೋಪಿ ಹಾಕಿಕೊಂಡ ಯಾರೋ ಗಂಡಹೆಂಡಿರು, ದೂರದಲ್ಲಿ ಒಂದು ದ್ವೀಪ. "ಒಂದಿನಾ ಇಂಥಾದನ್ನ ಇಡೀದ ಬಾಡಿಗಿಗೆ ತಗೊಂಡು ಹೋಗೂಣು. ಕಾಳಿ ಸಮುದ್ರ ಸೇರೂ ಜಾಗಾ ನೋಡೂಣು, ಕೂರ್ಮಗಡ ದ್ವೀಪದಾಗ ಕುಂತು ರೊಟ್ಟಿ ತಿನ್ನೂಣು" ಎನ್ನುತ್ತಿದ್ದರು. ಕರಾವಳಿಯ ಇತಿಹಾಸವೆಂದರೆ ಅವರಿಗೆ ಹುಚ್ಚು. ಸೋದೆಯ ಅರಸರು ಕಟ್ಟಿದ ಕೋಟೆ, ಅದಕ್ಕೆ ಕಣ್ಣು ಹಾಕಿದ ಪೋರ್ತುಗೀಸರು, ಮೆಣಸಿನ ವಾಸನೆ ಹಿಡಿದು ಬಂದ ಇಂಗ್ಲಿಷರು, ನಮ್ಮ ಘಟ್ಟದ ಮೇಲಿನ ಬಟ್ಟೆಯ ಗಂಟುಗಳು ಎತ್ತಿನ ಬೆನ್ನೇರಿ ಇಳಿದು ಹಡಗು ಹತ್ತಿದ್ದು, ಇವನ್ನೆಲ್ಲ ಅವರು ನೆರೆಮನೆಯ ಸುದ್ದಿಯ ಹಾಗೆ ಹೇಳುತ್ತಿದ್ದರು. ಒಮ್ಮೆ ನಾವು ಹೊರಟದ್ದೂ ಉಂಟು. ಅಣಶಿ ಘಟ್ಟದಲ್ಲಿ ದರೆ ಕುಸಿದು ದಾರಿ ಬಂದಾಗಿತ್ತು. ಕುಂಬಾರವಾಡದ ಬಸ್ ನಿಲ್ದಾಣದ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿ ತಿಂದು ತಿರುಗಿ ಬಂದೆವು. ಸಮುದ್ರ ಎಲ್ಲಿ ಓಡಿಹೋಗುತ್ತದೆ ಎಂದು ಇಬ್ಬರೂ ನಕ್ಕಿದ್ದೆವು.

ಸಮುದ್ರ ನಮ್ಮ ಜಿಲ್ಲೆಯದೇ ಎನ್ನುವುದನ್ನು ಹಳಿಯಾಳ, ಮುಂಡಗೋಡ ಕಡೆಯ ನಾವು ನಕಾಶೆಯಲ್ಲಿ ಮಾತ್ರ ಒಪ್ಪಿಕೊಂಡವರು. ನಮಗೆ ಸಂತೆ, ಆಸ್ಪತ್ರೆ, ಮದುವೆಯ ಸೀರೆ, ಜಗಳದ ವಕೀಲ, ಎಲ್ಲಕ್ಕೂ ಧಾರವಾಡ. ನಾನು ಹುಟ್ಟಿದ ಸನವಳ್ಳಿಯಲ್ಲಿ ಕೆರೆಯ ನೀರೇ ಕಣ್ಣಿಗೆ ಸಾಕಷ್ಟಾಗಿತ್ತು. ಆದರೂ ಶಾಲೆಯಲ್ಲಿ ವರ್ಷ ವರ್ಷವೂ ಕರಿಹಲಗೆಯ ಮುಂದೆ ನಿಂತು "ದ್ವೀಪ ಎಂದರೆ ನಾಲ್ಕೂ ಕಡೆ ನೀರಿನಿಂದ ಸುತ್ತುವರಿದ ಭೂಭಾಗ" ಎಂದು ಹೇಳಿಕೊಟ್ಟೆ, ಮಕ್ಕಳು ರಾಗವಾಗಿ ಅದನ್ನೇ ಹೇಳಿದರು. ದ್ವೀಪವನ್ನು ಅವರೂ ನೋಡಿರಲಿಲ್ಲ, ನಾನೂ ನೋಡಿರಲಿಲ್ಲ, ಹೀಗಾಗಿ ಪಾಠ ನಿರಾತಂಕವಾಗಿ ನಡೆಯಿತು.

ಆಮೇಲೆ ಒಂದು ಮುಂಜಾನೆ ಬಸ್ಸಿಗೆಂದು ಚಪ್ಪಲಿ ಮೆಟ್ಟಿಕೊಳ್ಳಲು ಬಾಗಿದವರು ಏಳಲಿಲ್ಲ. ಬುತ್ತಿ ಕಟ್ಟಿ ಹೊಸ್ತಿಲ ಮೇಲೆ ಇಟ್ಟಿದ್ದೆ. ಅವರ ಊರು ಹಳಿಯಾಳದ ಹತ್ತಿರದ ಸಾಂಬ್ರಾಣಿ ಎಂಬ ಹಳ್ಳಿಯಾದ್ದರಿಂದ ಅಲ್ಲಿಗೇ ಒಯ್ದರು. ನಮ್ಮ ಜನರಲ್ಲಿ ಸುಡುವುದಿಲ್ಲ, ಸ್ವಂತ ಹೊಲದ ಬದುವಿನ ಹತ್ತಿರ ಕುಣಿ ತೋಡಿ, ಕುಳಿತ ಭಂಗಿಯಲ್ಲಿ ಇಳಿಸಿ, ಅಂಗೈಯಲ್ಲಿ ಲಿಂಗವಿರಿಸಿ, ವಿಭೂತಿ ಪತ್ರಿಗಳ ಜೊತೆ ಬುಟ್ಟಿಬುಟ್ಟಿ ಉಪ್ಪು ಸುರಿದರು. ಉಪ್ಪು ಕಡಿಮೆಯೆಂದು ದಿನವೂ ದೂರಿದ ಮನುಷ್ಯನ ಸುತ್ತ ಅಷ್ಟೊಂದು ಉಪ್ಪು ಬಿದ್ದದ್ದನ್ನು ನೋಡಿ ನನಗೆ ಅಳುವಿನ ನಡುವೆಯೇ ನಗೆಯಂಥದ್ದೇನೋ ಬಂತು. ಅದನ್ನು ಹಂಚಿಕೊಳ್ಳಬೇಕೆಂದರೆ ಅದಕ್ಕೆ ನಗಬಲ್ಲ ಒಬ್ಬನೇ ಮನುಷ್ಯ ಕೆಳಗೆ ಕೂತಿದ್ದ. ಮೂರನೆಯ ದಿನದ ಕಾರ್ಯ ಮುಗಿಸಿ ಹಳಿಯಾಳಕ್ಕೆ ಬಂದವಳು ಮತ್ತೆ ಆ ಹೊಲದ ಕಡೆ ಹೆಜ್ಜೆ ಹಾಕಲಿಲ್ಲ. ಹೊಲ ನೋಡಿಕೊಳ್ಳುವ ಮೈದುನ ಬಂದಾಗಲೆಲ್ಲ "ವೈನಿ, ಒಮ್ಮಿ ಬಂದು ಹೋಗ್ರಿ, ಗದ್ದಿಗಿ ಕಟ್ಟಿಸೇನಿ" ಎನ್ನುತ್ತಿದ್ದ. ಬರುತ್ತೇನೆ ಎನ್ನುತ್ತಿದ್ದೆ, ಹೋಗುತ್ತಿರಲಿಲ್ಲ. ಕಾರಣವನ್ನು ನಿಮಗೆ ನೇರವಾಗಿ ಹೇಳಿಬಿಡುತ್ತೇನೆ. ಸಮಾಧಿಯ ಆ ಗದ್ದುಗೆಯನ್ನು ಕಂಡರೆ ಅವರು ಅಲ್ಲಿದ್ದಾರೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು. ಕಾಣದೆ ಇರುವಷ್ಟು ದಿನ ಅವರು ದಾಂಡೇಲಿ ಬಸ್ಸಿನಲ್ಲಿ ಎಲ್ಲೋ ಇದ್ದಾರೆ, ತಡವಾಗಿದೆ ಅಷ್ಟೇ. ನನ್ನ ಕೈಯೂ ನನ್ನ ಪಕ್ಷವನ್ನೇ ವಹಿಸಿತ್ತು. ದಿನವೂ ಹಿಟ್ಟು ನಾದಿದರೆ ಇಬ್ಬರ ಲೆಕ್ಕಕ್ಕೇ ನಾದುತ್ತಿತ್ತು. ಉಳಿದ ರೊಟ್ಟಿ ಎದುರುಮನೆಯ ಎಮ್ಮೆಗೆ ಹೋಗುತ್ತಿತ್ತು, ಎಮ್ಮೆ ಮೈಕೈ ತುಂಬಿಕೊಂಡಿತು.

ನಿವೃತ್ತಿಯಾದ ಚಳಿಗಾಲದಲ್ಲಿ ಒಬ್ಬಳೇ ಕಾರವಾರಕ್ಕೆ ಹೊರಟೆ. ಮನುಷ್ಯ ಎಲ್ಲೂ ಇಲ್ಲವೆಂದರೆ ಅವನು ಹೋಗಬೇಕೆಂದುಕೊಂಡಿದ್ದ ಜಾಗದಲ್ಲಾದರೂ ಸಿಕ್ಕಾನು ಎಂಬ ಆಸೆ. ನಗಬೇಡಿ, ಒಂಟಿತನಕ್ಕೆ ಇಂಥ ತರ್ಕಗಳು ಬಹಳ ಹೊಳೆಯುತ್ತವೆ. ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ, ಎಲ್ಲವನ್ನೂ ಇಬ್ಬರಿಗಾಗುವಷ್ಟು ಕಟ್ಟಿಕೊಂಡು ಜೋಯಿಡಾದ ಮೇಲಿನ ಬಸ್ಸು ಹತ್ತಿದೆ. ಕಿಟಕಿಯ ಪಕ್ಕದ ಸೀಟು ಅವರದು, ನನಗೆ ಗಾಳಿಗೆ ತಲೆನೋವು. ಅಂದು ಕಿಟಕಿಯ ಪಕ್ಕ ಕೂತಿದ್ದ ಹೆಂಗಸು ಕೊಂಕಣಿಯಲ್ಲಿ ಏನೋ ಕೇಳಿ, ನನಗೆ ತಿಳಿಯಲಿಲ್ಲವೆಂದು ಕಂಡು, ಅರ್ಧ ಬಾಳೆಹಣ್ಣು ಮುರಿದು ಕೊಟ್ಟಳು. ದಾರಿಯುದ್ದಕ್ಕೂ ಕಾಳಿ ಕಣ್ಣಾಮುಚ್ಚಾಲೆ ಆಡಿತು. ಸೂಪಾದಲ್ಲಿ ಅದಕ್ಕೊಂದು ಅಣೆಕಟ್ಟು, ದಾಂಡೇಲಿಯ ಕೆಳಗೆ ಮತ್ತೊಂದು, ಕೊಡಸಳ್ಳಿಯಲ್ಲಿ ಇನ್ನೊಂದು, ಘಟ್ಟವಿಳಿದರೆ ಕದ್ರಾದಲ್ಲಿ ಮಗದೊಂದು. ದಾಂಡೇಲಿಯಲ್ಲಿ ನಮ್ಮವರು ಝಾಡಿಸಿದ ರೊಟ್ಟಿಯ ಪುಡಿ ಅದರ ಕೆಳಗಿನ ಮೂರೂ ಬಾಗಿಲು ದಾಟಿ ಕಾರವಾರ ಮುಟ್ಟಿರಲು ಸಾಧ್ಯವೇ ಇರಲಿಲ್ಲ. ಅವರಿಗೂ ಇದು ಗೊತ್ತಿತ್ತು, ಆದರೂ ದಿನವೂ ಝಾಡಿಸುತ್ತಿದ್ದರು.

ಕೋಡಿಬಾಗದ ದಡದಲ್ಲಿ ಬಿಳಿ ಹಾಯಿಯ ಯಾಟನ್ನು ಹುಡುಕುವ ನನ್ನ ಪೆದ್ದುತನ ಬಹಳ ಹೊತ್ತು ಉಳಿಯಲಿಲ್ಲ. ಅಲ್ಲಿ ಇದ್ದದ್ದು ನೀಲಿ ಬಣ್ಣದ ಮಶಿನ್ ದೋಣಿಗಳು. ಪ್ರವಾಸಿಗರ ಮರ್ಜಿಗಾಗಿ ಒಂದೊಂದರ ಮೇಲೂ ತಾಡಪತ್ರಿಯ ನೆರಳು, ಕೆಳಗೆ ಪ್ಲಾಸ್ಟಿಕ್ ಕುರ್ಚಿ. ಅವುಗಳಲ್ಲೊಂದರ ಯಜಮಾನ ಪಾಂಡುರಂಗ ಎಂಬ ನರೆಗೂದಲಿನ ಮೀನುಗಾರ. ಇಡೀ ದೋಣಿ ಬೇಕು ಎಂದೆ. ಆತ ನನ್ನ ಬೆನ್ನ ಹಿಂದೆ ನೋಡಿ "ಮತ್ತೆ ಯಾರು ಬರೂದುಂಟು?" ಎಂದು ಕೇಳಿದ. ಯಾರೂ ಇಲ್ಲ, ನಾನೊಬ್ಬಳೇ ಎಂದೆ. ಎಲ್ಲಿಗೆಂದು ಕೇಳಿದಾಗ, ಮೊದಲು ಕಾಳಿ ಸಮುದ್ರ ಸೇರುವ ಸರಿಯಾದ ಜಾಗಕ್ಕೆ, ಅಲ್ಲಿಂದ ಕೂರ್ಮಗಡಕ್ಕೆ ಎಂದು ವಿವರಿಸಿದೆ. ಊರು ಯಾವುದು, ಏನು ಕೆಲಸವಿತ್ತು ಎಂದು ಕೇಳಿಕೊಂಡು, ಶಿಕ್ಷಕಿಯೆಂದು ತಿಳಿದ ಮೇಲೆ ಅಕ್ಕೋರೇ ಎಂದು ಕರೆಯಲು ಶುರುಮಾಡಿದ. ದೋಣಿ ಹತ್ತುವಾಗ ಕೈಚೀಲವನ್ನು ಹಲಗೆಯ ಕೆಳಗಿಟ್ಟೆ. ಬುತ್ತಿಯನ್ನು ಮಾತ್ರ, ತಳದಲ್ಲಿ ನೀರಿದ್ದುದರಿಂದ, ಎರಡೂ ಕೈಯಲ್ಲಿ ಹಿಡಿದು ತೊಡೆಯ ಮೇಲಿಟ್ಟುಕೊಂಡೆ. ಆತ ಅದನ್ನು ನೋಡಿದ. "ಒಂಚೂರು ತಡಿರಿ" ಎಂದು ದಡದ ಅಂಗಡಿಗೆ ಓಡಿಹೋಗಿ ಎಲೆಯಲ್ಲಿ ಸುತ್ತಿದ ಏನನ್ನೋ ತಂದು ಎಂಜಿನ್ನಿನ ಪಕ್ಕ ಇಟ್ಟುಕೊಂಡ.

ಸೇತುವೆಯ ಕೆಳಗಿನಿಂದ ದೋಣಿ ಹೊರಟಿತು. ಬಲಕ್ಕೆ ಸದಾಶಿವಗಡ ತನ್ನ ಗುಡ್ಡದ ಮೇಲೆ ಕೂತು ನದಿಯ ಬಾಯಿಯನ್ನು ಕಾಯುತ್ತಿತ್ತು. ಕಾಯುವುದಕ್ಕೆ ಈಗ ಏನೂ ಇಲ್ಲ, ಮುರಿದ ಗೋಡೆ ಮತ್ತು ಹುಲ್ಲು. ಸೋದೆಯ ಅರಸನೊಬ್ಬ ತನ್ನ ತಂದೆಯ ಹೆಸರಿನಲ್ಲಿ ಕಟ್ಟಿಸಿದ್ದು ಇದು. ಅದನ್ನು ಗೆದ್ದವರು, ಸೋತವರು, ಸುಟ್ಟವರು, ದುರಸ್ತಿ ಮಾಡಿಸಿದವರು ಎಲ್ಲರೂ ಹೋದರು, ತಂದೆಯ ಹೆಸರು ನಿಂತಿತು. ದೂರದಲ್ಲಿ ದೇವಗಡದ ದೀಪಸ್ತಂಭ, ಅದರಾಚೆ ಮಂಜಿನಲ್ಲಿ ಅಂಜದೀವು ದ್ವೀಪ. ಇವೆಲ್ಲವನ್ನೂ ಅವರು ಹೇಳಿ ಹೇಳಿ ನನಗೆ ಬಾಯಿಪಾಠವಾಗಿತ್ತು. ಆದ್ದರಿಂದ ಹೊಸದೇನೂ ಕಾಣಲಿಲ್ಲ, ಹೇಳುವ ದನಿ ಮಾತ್ರ ಇರಲಿಲ್ಲ. ಕಂಡದ್ದನ್ನು ತೋರಿಸಲು ಪಕ್ಕದ ಕುರ್ಚಿಯ ಕಡೆ ಕೈ ಚಾಚಿದವಳು, ಖಾಲಿ ಪ್ಲಾಸ್ಟಿಕ್ಕಿನ ಮೇಲೆ ಕೈಯಿಟ್ಟು, ದೋಣಿಯ ಓಲಾಟಕ್ಕೆ ಹಿಡಿದುಕೊಂಡವಳಂತೆ ನಟಿಸಿದೆ. ಇಷ್ಟು ದೊಡ್ಡ ಸಮುದ್ರವನ್ನು ಒಬ್ಬರೇ ನೋಡುವುದು ಕಷ್ಟ. ಬಹಳ ಕಷ್ಟವಾಯಿತು.

ನದಿಯ ಹಸಿರು ಮುಗಿದು ಸಮುದ್ರದ ಬೂದು ಶುರುವಾಗುವಲ್ಲಿ ಎಂಜಿನ್ನು ನಿಂತಿತು. ಕೆಟ್ಟಿತೆಂದು ನಾನು ಗಾಬರಿಯಾದೆ.

"ಏನಾತ್ರಿ ಪಾಂಡಣ್ಣಾ? ಮಶಿನ್ ಕೆಟ್ಟತೇನು?"

ಆತ ತಲೆಯ ಮೇಲಿನ ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ. "ಇಲ್ಲ ಅಕ್ಕೋರೇ. ಇದೇ ಜಾಗ. ನೀರು ಈಗ ಹೊರಗೆ ಎಳೀತಾ ಉಂಟು, ಬಿಡೂದಾದ್ರೆ ಈಗಲೇ ಒಳ್ಳೇದು. ನಿಮ್ಮದು ನಿಧಾನ ಆಗ್ಲಿ. ನಾ ಆಚೆ ಮುಖ ಮಾಡಿ ಕೂರ್ತೆ" ಎಂದ. ಎಲೆಯ ಪೊಟ್ಟಣವನ್ನು ಬಿಚ್ಚಿ ನನ್ನ ಕಡೆಗೆ ಸರಿಸಿದ. ಅದರಲ್ಲಿ ಚೆಂಡುಹೂವುಗಳಿದ್ದವು.

"ಏನ ಬಿಡೂದ್ರಿ?" ಎಂದು ಕೇಳಿದೆ.

ಆತ ನನ್ನ ತೊಡೆಯ ಮೇಲಿನ ಬಿಳಿ ಗಂಟನ್ನು ನೋಡಿ, ಕಣ್ಣು ಕೆಳಗೆ ಮಾಡಿದ. ಆಗ ನನಗೆ ಅರ್ಥವಾಯಿತು. ಕುಂಕುಮವಿಲ್ಲದ ಹಣೆ, ಜೊತೆಗೆ ಯಾರೂ ಇಲ್ಲದ ಹೆಂಗಸು, ಇಡೀ ದೋಣಿ, ಸಂಗಮದ ಜಾಗವೇ ಆಗಬೇಕೆಂಬ ಹಟ, ಧೋತರದ ಅರಿವೆಯಲ್ಲಿ ಬಿಗಿದ ಗಂಟು, ಅದನ್ನು ನೆಲಕ್ಕಿಡದೆ ಹಿಡಿದುಕೊಂಡ ಎರಡು ಕೈ. ಸುಡುವವರ ಊರಿನ ಮನುಷ್ಯ ಇದನ್ನು ಬೇರೆ ಯಾವ ರೀತಿ ತಿಳಿದುಕೊಳ್ಳಬೇಕಿತ್ತು? ಗಂಡನ ಅಸ್ಥಿ ಬಿಡಲು ಬಂದವಳೆಂದು ಆತ ದಡದಲ್ಲೇ ತೀರ್ಮಾನಿಸಿದ್ದ. ಹಾಗೆಂದೇ ದಾರಿಯಲ್ಲಿ ಒಂದು ಮಾತೂ ಆಡಿರಲಿಲ್ಲ. ಹೇಳಿದಂತೆ ಈಗ ಬೆನ್ನು ತಿರುಗಿಸಿ, ಬರಿದಲೆಯಲ್ಲಿ ಬಿಸಿಲಿಗೆ ಕೂತಿದ್ದ.

ದೋಣಿ ಸುಮ್ಮನೆ ತೂಗುತ್ತಿತ್ತು. ಗಂಟಿನೊಳಗಿನ ರೊಟ್ಟಿ ಇನ್ನೂ ಕೊಂಚ ಬೆಚ್ಚಗಿದ್ದಂತೆ ಅನಿಸಿತು, ಅಥವಾ ಅದು ನನ್ನ ಅಂಗೈಯ ಬಿಸಿಯೋ ಏನೋ. ಒಂದು ಗಳಿಗೆ ನನಗೆ ಅದನ್ನು ಬಿಟ್ಟುಬಿಡುವ ಮನಸ್ಸಾಯಿತು. ಆತನ ಮರ್ಯಾದೆಯೂ ಉಳಿಯುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಅವರು ಹೋಗಬೇಕೆಂದಿದ್ದ ಸಮುದ್ರಕ್ಕೆ ಹೋಗಿಬಿಟ್ಟರು ಎಂದು ನಂಬಿಕೊಂಡು, ಸಾಂಬ್ರಾಣಿಯ ಹೊಲವನ್ನು ಜೀವಮಾನವಿಡೀ ತಪ್ಪಿಸಿಕೊಂಡು ತಿರುಗಬಹುದಿತ್ತು. ಎಷ್ಟು ಸುಲಭವಿತ್ತು ನೋಡಿ, ಕೈ ಚಾಚಿದರೆ ನೀರು. ಆದರೆ ಆ ಮನುಷ್ಯನ ಬೆನ್ನು ನೋಡಿದರೆ ಸುಳ್ಳು ಮಾಡುವುದು ಆಗಲಿಲ್ಲ. ನನಗಾಗಿ ಅಷ್ಟು ಶ್ರದ್ಧೆಯಿಂದ ಯಾರೂ ಬಹಳ ದಿನಗಳಿಂದ ಕೂತಿರಲಿಲ್ಲ.

"ಪಾಂಡಣ್ಣಾ, ಈ ಕಡೆ ತಿರಗ್ರಿ. ಇದರಾಗ ರೊಟ್ಟಿ ಅದಾವ" ಎಂದೆ.

ಆತ ತಿರುಗಿ ಗಂಟನ್ನೇ ನೋಡಿದ.

"ನಮ್ಮಾಗ ಸುಡೂದಿಲ್ಲರಿ, ಮಣ್ಣ ಮಾಡತಾರ. ಅವರು ಸಾಂಬ್ರಾಣ್ಯಾಗ ಅದಾರ, ನಮ್ಮ ಹೊಲದಾಗ."

ಹೇಳಿ ಮುಗಿಸಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಮೈದುನನ ಮುಂದೆ, ನೆರೆಯವರ ಮುಂದೆ, ದೇವರ ಮುಂದೆ ಆಡದ ಮಾತನ್ನು ನಾನು ಗುರುತುಪರಿಚಯವಿಲ್ಲದ ಮೀನುಗಾರನ ಮುಂದೆ, ಒಂದು ತಪ್ಪು ತಿಳುವಳಿಕೆಯನ್ನು ಸರಿಪಡಿಸುವ ಭರದಲ್ಲಿ ಆಡಿಬಿಟ್ಟಿದ್ದೆ. ಆಮೇಲೆ ಅತ್ತೆ. ಸೆರಗು ಬಾಯಿಗಿಟ್ಟುಕೊಂಡು, ತೊಡೆಯ ಮೇಲಿನ ರೊಟ್ಟಿಯ ಮೇಲೆ ಬಾಗಿ, ಶಾಲೆಯ ಚಿಕ್ಕ ಹುಡುಗಿಯರು ಅಳುವ ಹಾಗೆ ಬಿಕ್ಕಿ ಬಿಕ್ಕಿ ಅತ್ತೆ. ಆತ ಸಮಾಧಾನ ಹೇಳಲು ಬರಲಿಲ್ಲ, ದೋಣಿ ಅಡ್ಡ ತಿರುಗದಂತೆ ಚುಕ್ಕಾಣಿ ಹಿಡಿದುಕೊಂಡ.

ನನ್ನ ಅಳು ಇಳಿದ ಮೇಲೆ ಆತ ಮೆಲ್ಲಗೆ ಹೇಳಿದ: "ಹಾಗಾದ್ರೆ ನೀವು ಬೇಕಾದಾಗ ಹೋಗಿ ಕೂರಬಹುದಲ್ಲ ಅಕ್ಕೋರೇ. ನನ್ನ ಅಪ್ಪಂದು, ಅಣ್ಣಂದು ಎಲ್ಲ ಇಲ್ಲೇ ಬಿಟ್ಟದ್ದು. ಇಲ್ಲಿ ಎಂತ ಉಂಟು ಕೂರೂಕೆ? ದಾಟಿ ಹೋಗುವಾಗ ಮಶಿನ್ ಸಣ್ಣ ಮಾಡ್ತೆ, ಅಷ್ಟೇ."

ತಂದ ಹೂವನ್ನು ತಿರುಗಿ ಒಯ್ಯುವುದು ಸರಿಯಲ್ಲವೆಂದು ಇಬ್ಬರೂ ಸೇರಿ ಅವನ ತಂದೆಗೆ, ಅಣ್ಣನಿಗೆ ಅವನ್ನು ಬಿಟ್ಟೆವು. ಹೊರಗೆಳೆಯುವ ನೀರು ಅವನ್ನು ಒಂದರ ಹಿಂದೊಂದು ಕರೆದುಕೊಂಡು ಹೋಯಿತು.

ಕೂರ್ಮಗಡದಲ್ಲಿ ಇಳಿದಾಗ ಮಧ್ಯಾಹ್ನವಾಗಿತ್ತು. ಆಮೆಯ ಬೆನ್ನಿನಂಥ ಗುಡ್ಡ, ಮೇಲೆ ನರಸಿಂಹನ ಗುಡಿ, ಅಲ್ಲಲ್ಲಿ ಕೋಟೆಯ ಕಲ್ಲುಗಳು. ಗುಡಿಯ ಬಾಗಿಲು ಹಾಕಿತ್ತು. ನಾಲ್ಕೂ ಕಡೆ ತಿರುಗಿ ನೋಡಿದೆ; ನಾನು ಕಲಿಸಿದ್ದು ಸರಿಯಾಗಿಯೇ ಇತ್ತು, ನಾಲ್ಕೂ ಕಡೆ ನೀರೇ. ದ್ವೀಪಗಳು ಮೇಲೆ ಬೇರೆ ಬೇರೆಯಾಗಿ ಕಂಡರೂ ನೀರಿನ ತಳದಲ್ಲಿ ಒಂದೇ ನೆಲ ಎಂದು ಬುದ್ಧಿವಂತರು ಹೇಳುವುದನ್ನು ಕೇಳಿದ್ದೇನೆ. ಇರಬಹುದು. ಆದರೆ ದ್ವೀಪದ ಮೇಲೆ ನಿಂತವನಿಗೆ ತಳದ ನೆಲದಿಂದೇನು ಉಪಯೋಗ, ಅವನು ಮುಳುಗದೆ ಅದನ್ನು ಮುಟ್ಟಲಾರ. ನನಗೆ ಆ ಸಮಾಧಾನಕ್ಕಿಂತ ದಡದಲ್ಲಿ ಲಂಗರು ಹಾಕಿ ಬೀಡಿ ಸೇದುತ್ತ ಕಾಯುತ್ತಿದ್ದ ನೀಲಿ ದೋಣಿಯವನೇ ಹೆಚ್ಚು ನಂಬಿಕೆಗೆ ಯೋಗ್ಯನೆನಿಸಿದ. ಕೂಗಿ ಕರೆದೆ. "ಇಬ್ಬರಿಗಾಗೂವಷ್ಟ ಐತಿ, ಬರ್ರಿ" ಎಂದೆ. ಬೇಡವೆನ್ನುತ್ತಲೇ ಬಂದ. ರೊಟ್ಟಿಯನ್ನು ಹೇಗೆ ಮುರಿಯಬೇಕೆಂದು ತಿಳಿಯದೆ ಹಪ್ಪಳದಂತೆ ಕಟಕಟನೆ ಕಡಿದ, ಚಟ್ನಿಯ ಖಾರಕ್ಕೆ ಕಣ್ಣಲ್ಲಿ ನೀರು ತಂದುಕೊಂಡ, ಪಲ್ಯ ಬಾಯಿಗಿಟ್ಟು ಸಂಕೋಚದಿಂದ ಮೆಲ್ಲಗೆ ಅಗಿದ.

"ಉಪ್ಪು ಕಡಿಮಿ ಆಗೇತೇನ್ರಿ?"

"ಚೂರು" ಎಂದ ಪಾಂಡುರಂಗ.

ಹಿಂತಿರುಗುವಾಗ ಸಂಗಮದ ಹತ್ತಿರ ಬಂದೊಡನೆ ಆತ ಹೇಳಿದ ಹಾಗೆಯೇ ಎಂಜಿನ್ನಿನ ಸದ್ದು ಸಣ್ಣದಾಯಿತು. ನಾನು ಬುತ್ತಿಯ ಅರಿವೆಯನ್ನು ಬಿಚ್ಚಿ ನೀರಿನ ಮೇಲೆ ಝಾಡಿಸಿದೆ. ಅಣೆಕಟ್ಟುಗಳು ತಡೆದಿಟ್ಟಿದ್ದ ರೊಟ್ಟಿಯ ಪುಡಿ ಕೊನೆಗೂ ಕಾರವಾರಕ್ಕಾಯಿತು. ಝಾಡಿಸುವಾಗ ಒಂದು ಮೂಲೆ ನೀರಿಗೆ ಬಿದ್ದು ತೊಯ್ದಿತು. ಹಿಂಡಲಿಲ್ಲ, ಹಾಗೆಯೇ ಕುರ್ಚಿಯ ಬೆನ್ನಿಗೆ, ಅವರು ಕೂರಬೇಕಿದ್ದ ಕುರ್ಚಿಯ ಬೆನ್ನಿಗೆ ಹಾಕಿದೆ. ಗಾಳಿಗೆ ಒಣಗಿತು. ಒಣಗಿದ ಮೇಲೆ ಅಲ್ಲಿ ಬಿಳಿಯ ಗೆರೆಯೊಂದು ಉಳಿಯಿತು.

ಮರುದಿನ ಹಳಿಯಾಳದಲ್ಲಿ ಬೆಳಗಾದೊಡನೆ ಒಲೆ ಹೊತ್ತಿಸಿದೆ. ಕೈ ತನ್ನ ಅಳತೆಯಂತೆ ಇಬ್ಬರಿಗೆ ನಾದಿತು, ನಾನು ತಡೆಯಲಿಲ್ಲ. ಅದೇ ಅರಿವೆಯಲ್ಲಿ ಕಟ್ಟಿಕೊಂಡು ಸಾಂಬ್ರಾಣಿಯ ಬಸ್ಸು ಹತ್ತಿದೆ. ನನ್ನನ್ನು ಕಂಡು ಮೈದುನ ನೇಗಿಲು ಬಿಟ್ಟು ಓಡಿಬರುವವನಿದ್ದ. ಕೈ ಮಾಡಿ ಅಲ್ಲೇ ನಿಲ್ಲಿಸಿದೆ. ಬದುವಿನ ಹತ್ತಿರ, ಮಾವಿನ ಗಿಡದ ನೆರಳು ಮುಟ್ಟಿಯೂ ಮುಟ್ಟದಂತಿರುವಲ್ಲಿ ಗದ್ದುಗೆ ಇತ್ತು. ಸಣ್ಣದು. ನಾನು ಇಷ್ಟು ದಿನ ಹೆದರಿದ್ದಕ್ಕಿಂತ ಬಹಳ ಸಣ್ಣದು. ಅದರ ಎದುರಿಗೆ ಮಣ್ಣಿನ ಮೇಲೆಯೇ ಕೂತು, ಕಲ್ಲಿನ ಮೇಲಿನ ತರಗೆಲೆ ತೆಗೆದು, ಅರಿವೆ ಬಿಚ್ಚಿ, ಅವರ ಪಾಲನ್ನು ಅವರ ಕಡೆ ಇಟ್ಟು, ನನ್ನ ಪಾಲಿನ ರೊಟ್ಟಿ ಮುರಿದೆ. ತೊಯ್ದ ಮೂಲೆಗೆ ತಾಗಿಕೊಂಡಿದ್ದ ರೊಟ್ಟಿಯ ಅಂಚು ಬಾಯಲ್ಲಿ ಉಪ್ಪುಪ್ಪಾಯಿತು. ಆ ಅಂಚನ್ನು ಉಳಿದ ರೊಟ್ಟಿಯಿಂದ ಮುರಿದು ಅವರ ಪಾಲಿನ ಮೇಲೆ ಇಟ್ಟೆ.

"ಇವತ್ತಾದ್ರೂ ಉಪ್ಪು ಸಾಕಾತೇನ್ರಿ?" ಎಂದು ಕೇಳಿದೆ.